ಯಾರೂ ಸಾಯದ ಪುಸ್ತಕಗಳು

ಮಲ್ಲಯ್ಯ ಮಾಸ್ತರ ಓದದ ಕಾದಂಬರಿಯೇ ಇಲ್ಲವೆಂಬ ಮಾತು ಮಾನ್ವಿಯಲ್ಲಿ ಹಬ್ಬಿದ್ದು ಮಾಸ್ತರನ ಬಾಯಿಂದಲೇ. ಊರವರು ಅದನ್ನು ನಂಬಿದರು. ನಂಬದೆ ಪರೀಕ್ಷೆ ಮಾಡಬೇಕೆಂದರೆ ತಾವೂ ಒಂದು ಕಾದಂಬರಿ ಓದಬೇಕಾಗುತ್ತಿತ್ತಲ್ಲ, ಅದಕ್ಕಿಂತ ನಂಬುವುದು ಸಲೀಸು.

ಮಲ್ಲಯ್ಯ ದೇವದುರ್ಗದ ಕಡೆಯ ಮಸರಕಲ್ಲಿನವನು, ಜಂಗಮರ ಮನೆಯವನು. ಮಾನ್ವಿಯ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ಕಲಿಸುತ್ತಿದ್ದ. ಶ್ರಾವಣ ಬಂತೆಂದರೆ ಮಠದಲ್ಲಿ ಪುರಾಣ ಓದುತ್ತಿದ್ದ. ಅವನ ದನಿಗೆ ತೊಟ್ಟಿಲ ಕೂಸೂ ಸುಮ್ಮನಾಗುತ್ತಿತ್ತು, ಅದರಲ್ಲಿ ಸುಳ್ಳಿಲ್ಲ. ಕಾದಂಬರಿಯ ವಿಷಯಕ್ಕೆ ಬಂದರೆ, ತರಬೇತಿಯಲ್ಲಿದ್ದಾಗ ಒಂದನ್ನು ಕೈಗೆತ್ತಿಕೊಂಡು ನಲವತ್ತು ಪುಟ ನಡೆದಿದ್ದ. ನಾಯಕಿ ರೈಲಿನಿಂದ ಇಳಿದಳು, ಮಾಸ್ತರನಿಗೆ ನಿದ್ದೆ ಬಂತು. ಆಕೆ ಇಂದಿಗೂ ಆ ನಿಲ್ದಾಣದಲ್ಲೇ ನಿಂತಿದ್ದಾಳೆ.

ಎಪ್ಪತ್ತೊಂಬತ್ತನೆಯ ಇಸವಿಯ ಶ್ರಾವಣ ಮುಗಿದ ಮರುದಿನ ಅಕ್ಕಿ ಗಿರಣಿಯ ವಿರೂಪಣ್ಣ ಅವನನ್ನು ಕರೆಸಿಕೊಂಡ. ಗಿರಣಿಯ ಹಿಂದೆಯೇ ಮನೆ. ಕಟ್ಟೆಯ ಮೇಲೆ ಚಾಪೆ ಹಾಸಿ ಕೂರಿಸಿ ಹಾಲು ಕೊಟ್ಟ.

"ಅಯ್ನೋರ, ನಮ್ಮ ಬಾಲಮ್ಮಗ ಪುಸ್ತಕ ಬೇಕಾಗ್ಯಾವ. ಕಥಿ ಪುಸ್ತಕ, ಕಾದಂಬರಿ, ಹುಡುಗ್ರು ಓದೋವು, ಹೆಸರಾದವು. ನಿಮಗಿಂತ ತಿಳಿದೋರು ಯಾರದಾರ ಈ ಊರಾಗ?"

ಮಾಸ್ತರನ ಕಿವಿ ಬೆಚ್ಚಗಾದವು. "ಯಾವುದು ಬೇಕು ಹೇಳ್ರಿ. ಎಲ್ಲಾ ಇಲ್ಲೇ ಅದಾವ," ಎಂದು ಹಣೆ ಮುಟ್ಟಿಕೊಂಡ.

"ಛಲೋ ಆತು. ಆದ್ರ ಒಂದು ಮಾತು." ವಿರೂಪಣ್ಣ ಮನೆಯ ಕಡೆ ನೋಡಿ ದನಿ ತಗ್ಗಿಸಿದ. "ಅದ್ರಾಗ ಯಾರೂ ಸಾಯಬಾರದು."

ಬಾಲಮ್ಮನಿಗೆ ಹದಿಮೂರು ವರ್ಷ. ಮಾಸ್ತರನ ಶಿಷ್ಯೆಯೇ. ಎರಡು ವರ್ಷದ ಹಿಂದೆ ಜ್ವರ ಬಂದು ಕೀಲುಗಳು ಬಾತವು. ಜ್ವರ ಹೋಗುವಾಗ ಗುಂಡಿಗೆಯ ಕವಾಟವೊಂದನ್ನು ಕೆಡಿಸಿ ಹೋಯಿತು. ಈಗ ಹತ್ತು ಹೆಜ್ಜೆ ನಡೆದರೆ ಉಸಿರು ಹತ್ತುತ್ತಿತ್ತು. ದೀಪಾವಳಿ ಆದ ಮೇಲೆ ಮದ್ರಾಸಿನಲ್ಲಿ ಆಪರೇಷನ್ ಎಂದು ನಿಗದಿಯಾಗಿತ್ತು. ಅಲ್ಲಿಯವರೆಗೆ ಹುಡುಗಿ ಗಾಬರಿಯಾಗದಂತೆ ನೋಡಿಕೊಳ್ಳಿರೆಂದು ರಾಯಚೂರಿನ ಡಾಕ್ಟರು ಹೇಳಿದ್ದರು. ಡಾಕ್ಟರು ಹೇಳಿದ್ದು ಒಂದು ಮಾತು; ವಿರೂಪಣ್ಣ ಅದರಿಂದ ಒಂದು ಶಾಸನವನ್ನೇ ಮಾಡಿದ. ಸಾವು ಎಂಬ ಮಾತು ಮನೆಯಲ್ಲಿ ಯಾರೂ ಆಡಕೂಡದು. ಗಿರಣಿಯಲ್ಲಿ ಇಲಿ ಸತ್ತರೆ ಹಮಾಲರು "ಇಲಿ ಊರಿಗೆ ಹೋತ್ರಿ" ಎನ್ನಬೇಕಿತ್ತು. ಮದ್ರಾಸಿಗೆ ಹೋಗುವುದು ಸಮುದ್ರ ನೋಡಲಿಕ್ಕೆ ಎಂದು ಹುಡುಗಿಗೆ ಹೇಳಿಯಾಗಿತ್ತು.

ಹಾಗೆ ನೋಡಿದರೆ ಆ ಮನೆಗೆ ಈ ಪಾಠ ಹೊಸದಲ್ಲ. ಬಾಲಮ್ಮನಿಗೆ ಎರಡು ವರ್ಷವಿದ್ದಾಗ ತಾಯಿ ಶರಣಮ್ಮ ಎರಡನೆಯ ಹೆರಿಗೆಯಲ್ಲಿ ಕೂಸಿನೊಂದಿಗೆ ತೀರಿಕೊಂಡಿದ್ದಳು. ಅವಳನ್ನೂ "ತವರಿಗೆ ಹೋಗ್ಯಾಳ" ಎಂದು ಕಳಿಸಿಬಿಟ್ಟಿದ್ದರು. ಆಮೇಲೆ ಆ ಹೆಸರನ್ನು ಯಾರೂ ಎತ್ತಲಿಲ್ಲ.

"ಪುಸ್ತಕದಾಗ ಒಂದು ಹೆಣ ಬಿದ್ದು, ಇಲ್ಲಿ ನನ್ನ ಮಗಳ ಗುಂಡಿಗಿ ನಿಂತ್ರ," ಎಂದ ವಿರೂಪಣ್ಣ, "ಅದು ನಿಮ್ಮ ಕೊರಳಿಗೆ, ಅಯ್ನೋರ."

ಆಗಲೇ ಎದ್ದು ಕೈಮುಗಿದು, ತಪ್ಪಾಯಿತು, ನಾನು ಏನೂ ಓದಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕೆನೆಹಾಲು ಕುಡಿದ ಬಾಯಲ್ಲಿ ಅಂಥ ಮಾತು ಸುಲಭಕ್ಕೆ ಹೊರಡುವುದಿಲ್ಲ.

ಭಾನುವಾರದ ಬಸ್ಸಿಗೆ ಮಲ್ಲಯ್ಯ ರಾಯಚೂರಿಗೆ ಹೋದ. ಕೋಟೆಯ ಬಾಗಿಲ ಪಕ್ಕದ ಓಣಿಯಲ್ಲಿ ಜಿಲಾನಿ ಪಾಷಾನ ಪುಸ್ತಕದಂಗಡಿ. ಮುಂದೆ ಮಾರಾಟ, ಹಿಂದಿನ ಕೋಣೆಯಲ್ಲಿ ಅವನ ಅಕ್ಕ ಜೈಬುನ್ನೀಸಾ ಬೈಂಡಿಂಗ್ ಮಾಡುತ್ತಿದ್ದಳು.

"ಯಾರೂ ಸಾಯಬಾರದಾ?" ಜಿಲಾನಿ ಪಾಷಾ ಕನ್ನಡಕವನ್ನು ಹಣೆಗೇರಿಸಿದ. "ಅರೇ ಮಾಸ್ತರ್ ಸಾಬ್, ಹಂಗಾದ್ರ ರೈಲ್ವೆ ಟೈಂಟೇಬಲ್ ಒಯ್ರಿ. ಅದ್ರಾಗ ಎಲ್ಲಾರೂ ಬರ್ತಾರ, ಹೋಗ್ತಾರ. ಸಾಯೋದು ಮಾತ್ರ ಇಲ್ಲ."

"ಚೇಷ್ಟಿ ಮಾಡಬ್ಯಾಡ್ರಿ ಜಿಲಾನಿ ಸಾಬ್. ಸಣ್ಣ ಮಕ್ಕಳ ಕಥಿ ತೋರಸ್ರಿ. ಅದ್ರಾಗ ಯಾರು ಸಾಯ್ತಾರ?"

"ತೋಬಾ ತೋಬಾ! ದೊಡ್ಡೋರ ಕಾದಂಬರಿಯಾಗ ನೂರು ಪುಟಕ್ಕ ಒಬ್ಬ ಸಾಯ್ತಾನ. ಮಕ್ಕಳ ಕಥಿಯಾಗ ಮೊದಲನೇ ಸಾಲಿಗೇ ಹಿರೇ ರಾಣಿ ಖಲಾಸ್. ಆಮ್ಯಾಲ ರಾಕ್ಷಸ, ಮೊಸಳಿ, ಮುದುಕಿ. ಪೂರಾ ಖಬರಸ್ತಾನ್."

"ಅಂದ್ರ ನೀವು ಎಲ್ಲಾ ಓದೀರೇನು?"

"ನಕ್ಕೋ ಬಾಬಾ, ಒಂದೂ ಇಲ್ಲ. ಓದಿದ್ರ ಮಾರಾಕ ಮನಸು ಬರ್ತದೇನ್ರಿ? ನೀವು ಓದೀರಲ್ಲ, ನೀವೇ ಆರಸ್ರಿ."

ಮಲ್ಲಯ್ಯ ಶಿವನ ಹೆಸರು ಹೇಳಿ ಕಪಾಟಿನ ಮುಂದೆ ಕುಳಿತ. ಅವನಿಗೆ ಗೊತ್ತಿದ್ದ ವಿದ್ಯೆ ಪುರಾಣದ್ದು. ಪುರಾಣ ಓದುವವರಿಗೆ ಒಂದು ನೇಮವಿದೆ: ಅವಮಂಗಳದ ಪ್ರಸಂಗದಲ್ಲಿ ಗ್ರಂಥ ಮುಚ್ಚುವಂತಿಲ್ಲ. ಅಂದು ಹೊತ್ತಾದರೂ ಸರಿ, ನಾಲ್ಕು ಪದ್ಯ ಮುಂದೆ ಎಳೆದು, ಮದುವೆಗೋ ಮಗುವಿನ ಹುಟ್ಟಿಗೋ ತಂದು, ಆರತಿ ಮಾಡಿ ಮುಚ್ಚಬೇಕು. ಕೊನೆ ಶುಭವಾದರೆ ಎಲ್ಲ ಶುಭ. ಹೀಗಾಗಿ ಮಾಸ್ತರ ಒಂದೊಂದೇ ಪುಸ್ತಕ ತೆಗೆದು ಕೊನೆಯ ಪುಟ ಮಾತ್ರ ನೋಡಿದ. ಕೊನೆಯಲ್ಲಿ ಯಾರಾದರೂ ನಗುತ್ತಿದ್ದರೆ ಬಲಕ್ಕೆ, ಅಳುತ್ತಿದ್ದರೆ ಎಡಕ್ಕೆ. ಸೂರ್ಯ ಮುಳುಗುತ್ತಿದ್ದರೆ ಸಂಶಯದ ಮೇಲೆ ಅದೂ ಎಡಕ್ಕೆ. ಒಂದು ತಾಸಿನಲ್ಲಿ ಎಪ್ಪತ್ತು ಕೃತಿಗಳ ಯೋಗ್ಯತೆ ಇತ್ಯರ್ಥವಾಯಿತು. ಇಷ್ಟು ಬೇಗ ಇಷ್ಟು ಸಾಹಿತ್ಯವನ್ನು ಯಾವ ಪಂಡಿತನೂ ಅಳೆದಿರಲಾರ.

ಹನ್ನೆರಡು ಪುಸ್ತಕ ಗಿರಣಿಗೆ ಬಂದವು. ನಾಲ್ಕನೆಯ ದಿನ ಮಧ್ಯಾಹ್ನ, ಶಾಲೆಯ ಬಾಗಿಲಿಗೆ ಹಮಾಲನೊಬ್ಬ ಓಡಿ ಬಂದು ಸಾಹುಕಾರರು ಕರೀತಾರೆ ಎಂದ. ಅವನ ಮುಖ ನೋಡಿ ಮಾಸ್ತರ ಪಾಠ ಅಲ್ಲಿಗೇ ಬಿಟ್ಟು ಹೊರಟ.

ಆಗಿದ್ದಿಷ್ಟು. ತೀರ ಸಣ್ಣ ಮಕ್ಕಳ ಪುಸ್ತಕವೊಂದರಲ್ಲಿ ಒಬ್ಬ ರೈತ, ಅವನಿಗೊಂದು ಎತ್ತು. ಕೊನೆಯ ಪುಟದಲ್ಲಿ ರೈತ ಹೊಸ ಎತ್ತಿನ ಕೊರಳಿಗೆ ಗೆಜ್ಜೆ ಕಟ್ಟಿ ನಗುತ್ತಿದ್ದ. ಹೊಸ ಎತ್ತು ಯಾಕೆ ಬೇಕಾಯಿತೆಂದು ಮಾಸ್ತರ ಯೋಚಿಸಿರಲಿಲ್ಲ. ಹಳೆಯದು ಒಂಬತ್ತನೆಯ ಪುಟದಲ್ಲಿ ಕೆಸರಿಗೆ ಬಿದ್ದು, ಯಜಮಾನನ ಕೈ ನೆಕ್ಕಿ, ಕಣ್ಣು ಮುಚ್ಚಿತ್ತು. ಬಾಲಮ್ಮ ಊಟ ಬಿಟ್ಟು ಅತ್ತಿದ್ದಳು. ಅಜ್ಜಿ ಅನ್ನಮ್ಮ ಎದೆ ಬಡಿದುಕೊಂಡು ಊರ ಡಾಕ್ಟರನ್ನು ಕರೆಸಿದ್ದಳು.

"ನೋಡ್ರಿ ಇವರ ಆರಸಿದ್ದು!" ಅನ್ನಮ್ಮ ಕಟ್ಟೆಯಿಂದಲೇ ಕೂಗಿದಳು. "ಕೂಸಿಗೆ ಕಥಿ ತಂದುಕೊಡು ಅಂದ್ರ ಎತ್ತಿನ ಹೆಣ ತಂದಾನ!"

"ಯವ್ವಾ, ಮನಶ್ಯಾರು ಸಾಯಬಾರದು ಅಂದಿದ್ರು. ಎತ್ತಿನ ಮಾತು ಬಂದಿದ್ದಿಲ್ಲ."

"ಎತ್ತು ಬಸವಣ್ಣ ಅಲ್ಲೇನೋ ಜಂಗಮಾ?"

ಡಾಕ್ಟರು ಹೊರಗೆ ಬಂದು, "ಅತ್ತರೆ ಏನೂ ಆಗುವುದಿಲ್ಲ, ಅಳಲಿ ಬಿಡಿ" ಎಂದು ಹೇಳಿ ಹೋದರು. ವೈದ್ಯರ ಮಾತಿನಲ್ಲಿ ತನಗೆ ಬೇಕಾದ ಅರ್ಧವನ್ನಷ್ಟೇ ಕೇಳುವುದು ಮನುಷ್ಯರ ಹಳೆಯ ರೂಢಿ. ಅಳಲಿ ಎಂಬ ಅರ್ಧ ವಿರೂಪಣ್ಣನಿಗೆ ಬೇಕಿರಲಿಲ್ಲ.

"ಇವತ್ತು ಎತ್ತಿಗೆ ಉಳದ್ಲು. ನಾಳೆ ಮನಶ್ಯಾ ಸತ್ರ ಉಳೀತಾಳೇನ್ರಿ?" ಎಂದ. ಅವನ ಕಣ್ಣು ಕೆಂಪಾಗಿದ್ದವು. "ಪುಸ್ತಕ ಮಾತ್ರ ನಿಲ್ಲಿಸಬ್ಯಾಡ್ರಿ. ಅವು ಇಲ್ಲಂದ್ರ ಕಿಟಕಿ ಹಿಡಕೊಂಡು ಕುಂದರ್ತಾಳ, ಸಾಲಿಗೆ ಹೋಗೋ ಹುಡುಗ್ರನ್ನ ನೋಡಿಕೋತ. ನನಗ ನೋಡಾಕ ಆಗಂಗಿಲ್ಲ. ಸಾಯೋರನ್ನೆಲ್ಲಾ ತೆಗೆದು ತರ್ರಿ. ಹೆಂಗ ತೆಗೀತೀರೋ ನಿಮಗ ಬಿಟ್ಟಿದ್ದು."

ಹೀಗೆ ಮಲ್ಲಯ್ಯ ಹನ್ನೆರಡನ್ನೂ ಮರಳಿ ಒಯ್ದು, ತನ್ನ ನಲವತ್ತಾರನೆಯ ವಯಸ್ಸಿನಲ್ಲಿ ಕಾದಂಬರಿ ಓದಲು ಶುರುಮಾಡಿದ. ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಒಂದು ಸಾಲೂ ಬಿಡದೆ. ಯಾವ ಸಾಲಿನ ಹಿಂದೆ ಯಾರು ಸಾಯಲು ಕಾದಿದ್ದಾರೋ ಯಾರು ಬಲ್ಲರು? ಸಾವು ಬಂದ ಹಾಳೆಯ ಮೂಲೆಗೆ ಗುರುತಿಗೆಂದು ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದ. ಪೆನ್ಸಿಲಿನಲ್ಲಿ ಕಾಟು ಹೊಡೆಯಲು ಮನಸ್ಸು ಬರಲಿಲ್ಲ, ಎಷ್ಟೆಂದರೂ ಸತ್ತವರು. ನಾಲ್ಕನೆಯ ತರಗತಿಯ ಮಕ್ಕಳಿಗೆ ಮಗ್ಗಿ ಬರೆಯಲು ಹಚ್ಚಿ, ಮೇಜಿನ ಕೆಳಗೆ ಪುಸ್ತಕ ಹಿಡಿದು ಗಳಗಳನೆ ಅಳುತ್ತಿದ್ದ. ಮಾಸ್ತರಿಗೆ ಇನ್‌ಸ್ಪೆಕ್ಟರು ಬೈದಿದ್ದಾರೆಂದು ಮಕ್ಕಳು ಮನೆಯಲ್ಲಿ ಹೇಳಿದವು.

ಮನೆಗೆ ಬಂದವನೇ ಬಾವಿಯ ಕಡೆ ನಡೆದರೆ ಹೆಂಡತಿ ಹಂಪಮ್ಮ ಅಡ್ಡ ನಿಂತಳು.

"ಇವತ್ತ ಮತ್ತ ಯಾರ ಮಣ್ಣಿಗೆ ಹೋಗಿದ್ರಿ?"

"ಮಣ್ಣಿಗಲ್ಲ. ನೂರಾ ನಲವತ್ತನೇ ಪುಟದಾಗ ಒಬ್ಬಾಕಿ ಹೋದ್ಲು. ಪಾಪ, ಭಾಳ ಛಲೋ ಹೆಣ್ಮಗಳು."

"ನಮ್ಮ ಧರ್ಮದಾಗ ಸೂತಕಿಲ್ಲ ಅಂತ ಊರಿಗೆಲ್ಲಾ ಹೇಳ್ತೀರಿ, ಪುಸ್ತಕದ ಹೆಣಕ್ಕ ಜಳಕ ಮಾಡ್ತೀರಿ. ನಿನ್ನಿ ಮೂರು ಸಲ ಆತು. ನೀರು ಯಾರು ಸೇದಬೇಕು?"

"ನಿನ್ನಿ ಪ್ಲೇಗು ಬಂದಿತ್ತಲ್ಲೇ ಊರಾಗ!" ಎಂದ ಮಲ್ಲಯ್ಯ. ಯಾವ ಊರೆಂದು ಹಂಪಮ್ಮ ಕೇಳಲಿಲ್ಲ. ಕೊಡವನ್ನು ಅವನ ಕೈಗೇ ಕೊಟ್ಟು ಒಳಗೆ ಹೋದಳು.

ಮುಂದಿನ ಭಾನುವಾರ ಪುಸ್ತಕದ ಗಂಟನ್ನು ರಾಯಚೂರಿಗೆ ಒಯ್ದು ಜೈಬುನ್ನೀಸಾಳ ಮುಂದೆ ಬಿಚ್ಚಿದ. ಆಕೆ ಏಳನೆಯವರೆಗೆ ಕನ್ನಡದಲ್ಲೇ ಓದಿದವಳು. ಒಂದೆರಡು ಹಾಳೆ ತಿರುವಿ ನೋಡಿದಳು.

"ಬೂದಿ ಹಚ್ಚಿದ್ದೆಲ್ಲಾ ತೆಗೀಬೇಕಾ ಮಾಸ್ತರ್ ಸಾಬ್?"

"ತೆಗೆದು, ಉಳದದ್ದು ಮತ್ತ ಹೊಲೀರಿ ಆಪಾ. ಮುಂದ ಸ್ವಲ್ಪ ಸ್ವಲ್ಪ ಕಳಿಸ್ತೀನಿ. ಆದಂಗ ಆದಂಗ ಬಸ್ಸಿಗೆ ಹಾಕ್ರಿ, ವಿರೂಪಣ್ಣೋರ ಗಿರಣಿ ಅಂತ."

"ಮತ್ತ ತೆಗೆದದ್ದು? ಇಷ್ಟು ಮಂದೀನ ಎಲ್ಲಿ ಇಡ್ಲಿ?"

"ಎಲ್ಲೆರೆ ಇಡ್ರಿ."

"ಅಕ್ಷರ ಇದ್ದ ಕಾಗದ ಎಸಿಯೋದು ಗುನ್ಹಾ. ಮತ್ತ ಅದು ಗಿರಾಕೀದು. ಅಮಾನತ್, ನಂಬಿ ಕೊಟ್ಟದ್ದು."

"ನಮ್ಮದ್ರಾಗೂ ಹಂಗೇ ಆಪಾ. ಸರಸ್ವತಿ. ಎಸಿಯಂಗಿಲ್ಲ," ಎಂದು ಮಾಸ್ತರ ಸಂತೋಷದಿಂದ ತಲೆಯಾಡಿಸಿದ. ಎರಡು ಧರ್ಮಗಳು ಒಂದು ಮಾತಿಗೆ ಇಷ್ಟು ಚಂದವಾಗಿ ಒಪ್ಪಿದ್ದನ್ನು ಕಂಡು ಅವನ ಮನಸ್ಸು ತಂಪಾಗಿತ್ತು. ಹಾಗಿದ್ದರೆ ಆ ಹಾಳೆಗಳನ್ನು ಆಕೆ ಏನು ಮಾಡುತ್ತಾಳೆ ಎಂದು ಕೇಳುವುದು ಮರೆತೇಹೋಯಿತು.

ಸಾವು ತೆಗೆದ ಪುಸ್ತಕಗಳು ಗಿರಣಿಗೆ ಬರತೊಡಗಿದವು. ಬರುಬರುತ್ತ ತೆಳ್ಳಗಾಗಿದ್ದವು. ಹದಿನೈದು ದಿನ ಎಲ್ಲ ಸುಸೂತ್ರ. ಆಮೇಲೆ ಒಂದು ಸಂಜೆ ಮಾಸ್ತರ ಗಿರಣಿಯ ಮುಂದೆ ಹಾಯುವಾಗ ಅನ್ನಮ್ಮ ಕೈಸನ್ನೆ ಮಾಡಿ ಕರೆದಳು. ಪಕ್ಕದಲ್ಲಿ ನೆರೆಮನೆಯ ಗೋಪಮ್ಮ ಕಾಳು ಹಸನು ಮಾಡುತ್ತಿದ್ದಳು. ಬಾಲಮ್ಮ ಬಾತ ಕಾಲುಗಳನ್ನು ಚಾಚಿಕೊಂಡು, ಕಂಬಕ್ಕೊರಗಿ, ಅವರಿಗೆ ಓದಿ ಹೇಳುತ್ತಿದ್ದಳು.

"ಬರ್ರಿ ಅಯ್ನೋರ, ಕುಂದರ್ರಿ. ಈ ಕಥಿ ಹುಡುಗಿ ಮೊನ್ನಿ ಬಾವಿಗೆ ನೀರಿಗೆ ಹೋಗಿದ್ಲು. ಇವತ್ತ ಕೂಸಿಗೆ ಹಾಲು ಕುಡಸಾಕತ್ಯಾಳ. ಲಗ್ನ ಯಾವಾಗ ಆತು?"

ಮಾಸ್ತರನಿಗೆ ಆಗ ಹೊಳೆಯಿತು. ಹಾಳೆಗೆ ಎರಡು ಮುಖ. ಒಂದು ಮುಖದಲ್ಲಿ ಹುಡುಗಿಯ ಸೋದರಮಾವ ತೀರಿಕೊಂಡಿದ್ದ. ಬೆನ್ನಿನ ಮುಖದಲ್ಲಿ ಅವಳ ಅಕ್ಷತೆ ಬಿದ್ದಿತ್ತು. ಎರಡೂ ಈಗ ರಾಯಚೂರಿನಲ್ಲಿದ್ದವು.

"ಆತು ಯವ್ವಾ. ಲಗ್ನ ಆತು. ನಾನೇ ಓದೀನಿ."

"ನಿಮಗ ಒಬ್ಬರಿಗೇ ಕಂಡ್ತೇನು?" ಎಂದಳು ಗೋಪಮ್ಮ. "ಪುಸ್ತಕದಾಗಿನ ಹುಡುಗಿ, ಪುಸ್ತಕದ ಹೊರಗ ಲಗ್ನ ಆಕ್ಕಾಳೇನ್ರಿ?"

"ದೇವರಾಣಿ ಆತು ಗೋಪಮ್ಮ! ಹಂದರ ಹಾಕಿದ್ರು. ಹೋಳಿಗಿ ಊಟ. ಗಂಡಿನೋರು ಭಾಳ ಒಳ್ಳೇವರು."

"ಮನಿಯಾಗ ಹೆಣ್ಣುಮಗು ಅದ ಅಂತ ಒಂದು ಖಬರ್ ಬ್ಯಾಡ! ಲಗ್ನ ಇಲ್ದ ಹಡಿಯೋ ಪುಸ್ತಕ ತರ್ತಾನ!" ಎಂದು ಅನ್ನಮ್ಮ ಬಾಯಿ ಮಾಡಿದಳು. ಗೋಪಮ್ಮ "ಶಿವ ಶಿವಾ" ಎಂದು ಕೆನ್ನೆ ಬಡಿದುಕೊಂಡಳು. ಆದರೆ ಮುಂದೇನಾಯಿತು ಓದು ಎಂದು ಹುಡುಗಿಗೆ ಸನ್ನೆಯನ್ನೂ ಮಾಡಿದಳು.

ಬಾಲಮ್ಮ ಓದಲಿಲ್ಲ. ಗದ್ದಲ ಸ್ವಲ್ಪ ಇಳಿದ ಮೇಲೆ ಮೆಲ್ಲಗೆ ಕೇಳಿದಳು:

"ಮಾಸ್ತರ, ಅಜ್ಜ ಎಲ್ಲಿ ಹೋದಾ?"

"ಯಾವ ಅಜ್ಜ?"

"ಐದನೇ ಅಧ್ಯಾಯದಾಗ ಕಟ್ಟಿ ಮ್ಯಾಲ ಕುಂತು ಅಡಿಕಿ ಕುಟ್ಟಾಕತ್ತಿದ್ದ. ಆರನೇದ್ರಾಗ ಅವನ ಕೋಲು ಬಾಗಲ ಹಿಂದ ಅದ. ಅವ ಇಲ್ಲ. ಮನಿಯಾಗ ಯಾರೂ ಅವನ್ನ ಕೇಳಂಗೇ ಇಲ್ಲ."

ಮಾಸ್ತರ ಆ ಅಜ್ಜನಿಗಾಗಿ ಒಂದು ಜಳಕ ಮಾಡಿದ್ದ. ಅನ್ನಮ್ಮನ ಕಣ್ಣು ಅವನನ್ನೇ ಇರಿಯುತ್ತಿದ್ದವು.

"ಊರಿಗೆ ಹೋಗ್ಯಾನವ್ವ."

ಬಾಲಮ್ಮ ಪುಸ್ತಕ ಮುಚ್ಚಿದಳು. "ಎಲ್ಲಾರೂ ಊರಿಗೇ ಹೋಗ್ತಾರಲ್ರಿ," ಎಂದಳು.

ದಸರೆಯ ರಜೆಗೆ ಮಲ್ಲಯ್ಯ ಮಸರಕಲ್ಲಿಗೆ ಹೋದ. ಅವನು ಅಲ್ಲಿ ಬನ್ನಿ ಹಂಚುತ್ತಿದ್ದಾಗ ರಾಯಚೂರಿನಿಂದ ಕೊನೆಯ ಗಂಟು ಮಾನ್ವಿಗೆ ಬಂತು. ಅದರಲ್ಲಿ ತೆಳ್ಳನೆಯ ಪುಸ್ತಕಗಳು ಆರು, ದಪ್ಪನೆಯದೊಂದು.

ಜೈಬುನ್ನೀಸಾ ತಪ್ಪು ಮಾಡುವವಳಲ್ಲ. ಗಿರಾಕಿಯ ಕಾಗದ ಗಿರಾಕಿಗೇ ಸೇರಬೇಕು. ಬಿಡಿ ಹಾಳೆ ಕಳಿಸಿದರೆ ಗಾಳಿಗೆ ಹೋದಾವು. ಒಂದು ತಿಂಗಳಿಂದ ತೆಗೆದಿಟ್ಟ ಹಾಳೆಗಳನ್ನೆಲ್ಲ ಒಟ್ಟಿಗೆ ಹೊಲಿದು, ಕೆಂಪು ಬಟ್ಟೆಯ ರಟ್ಟು ಹಾಕಿ, ಬೈಂಡಿಂಗಿನವರ ಪದ್ಧತಿಯಂತೆ ಮೇಲೆ ಪುಸ್ತಕದ ಒಡೆಯರ ಹೆಸರನ್ನು ಬಂಗಾರದ ಬಣ್ಣದಲ್ಲಿ ಬರೆದಿದ್ದಳು: ಬಾಲಮ್ಮ, ಮಾನ್ವಿ.

ಮೂರು ದಿನ ಯಾರಿಗೂ ಗೊತ್ತಾಗಲಿಲ್ಲ. ನಾಲ್ಕನೆಯ ದಿನ ಅನ್ನಮ್ಮ ಹಾಸಿಗೆ ಝಾಡಿಸುವಾಗ ಅದು ಕೆಳಗೆ ಬಿತ್ತು. ಗೋಪಮ್ಮನ ಕೈಲಿ ಓದಿಸಿ ನೋಡಿದಳು. ತೆಗೆದಲ್ಲೆಲ್ಲ ಸಾವು. ಮೊದಲಿಲ್ಲ, ಕೊನೆಯಿಲ್ಲ, ಬಾವಿಗೆ ಬಿದ್ದವರು, ಬೇನೆ ಬಂದವರು, ಯುದ್ಧಕ್ಕೆ ಹೋದವರು, ಹೊಳೆ ಪಾಲಾದವರು, ಆ ಎತ್ತು, ಆ ಅಜ್ಜ. ಹಾಳೆ ಹಾಳೆಗೂ ಮೂರು ಗೆರೆ ವಿಭೂತಿ. ಮೇಲೆ ಮೊಮ್ಮಗಳ ಹೆಸರು.

"ಮಾಟ!" ಎಂದು ಚೀರಿದಳು ಅನ್ನಮ್ಮ.

ಊರಿಂದ ಬಂದು ಬಸ್ಸಿಳಿದ ಮಾಸ್ತರನಿಗೆ ಜನ ದಾರಿ ಬಿಟ್ಟು ನಿಂತದ್ದು ಕಂಡಿತು. ಗೌರವವಿರಬಹುದೆಂದು ಎರಡು ಹೆಜ್ಜೆಯ ಮಟ್ಟಿಗೆ ಅಂದುಕೊಂಡ. ಮೂರನೆಯ ಹೆಜ್ಜೆಗೆ ಒಬ್ಬಳು ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಗಿರಣಿಯ ಇಬ್ಬರು ಹಮಾಲರು ಎಡಕ್ಕೊಬ್ಬ ಬಲಕ್ಕೊಬ್ಬ ಬಂದು, ಮುಟ್ಟದೆ, ಅವನನ್ನು ನಡೆಸಿಕೊಂಡು ಹೋದರು.

ಅಂಗಳದ ನಡುವೆ ಒಂದು ಬುಟ್ಟಿ ಬೋರಲು ಹಾಕಿತ್ತು. ಸುತ್ತ ಬೇವಿನ ಸೊಪ್ಪು, ಮೇಲೆ ಕಲ್ಲು. ಪುಸ್ತಕ ಅದರಡಿ ಇತ್ತು. ತಲಬಾಗಿಲ ಹೊರಗೆ ಓಣಿಯ ಜನ ಕೂಡಿದ್ದರು. ಒಳಗೆ ಬರಲು ಯಾರಿಗೂ ಧೈರ್ಯವಿಲ್ಲ. ವಿರೂಪಣ್ಣ ಬಂದವನೇ ಮಾಸ್ತರನ ಅಂಗಿಯ ಎದೆ ಹಿಡಿದ.

"ನಾ ಏನು ಕೆಡಕು ಮಾಡಿದ್ದೆ ನಿನಗ? ಏನು ಮಾಡಿದ್ದೆ ಹೇಳು!"

"ಯಪ್ಪಾ, ಮಾಟ ಅಲ್ರೀ. ನೀವೇ ತೆಗೀ ಅಂದ್ರಿ, ತೆಗದೆ. ಎಸೀಬಾರದು ಅಂತ ಬೈಂಡಿಂಗಿನ ಆಪಾ ಹೊಲದಾಳ."

"ವಿಭೂತಿ ಯಾಕ ಹಚ್ಚಿದಿ?"

"ಸತ್ತಿದ್ರಲ್ರೀ. ಪಾಪ ಅನಿಸ್ತು."

"ಎಲ್ಲಾ ಓದೀನಿ ಅಂದಿದ್ದಿ! ಓದಿದಾಂವಗ ಯಾರು ಸಾಯ್ತಾರ, ಯಾರು ಉಳೀತಾರ ಮದಲೇ ತಿಳಿಬಾರದಾ?"

"ಒಂದೂ ಓದಿದ್ದಿಲ್ರೀ!" ಮಲ್ಲಯ್ಯ ಕೈ ಜೋಡಿಸಿದ. ಊರೆಲ್ಲ ಕೇಳುವಂತೆ ಹೇಳಿದ. "ಈ ಒಂದೂವರಿ ತಿಂಗಳ ಹಿಂದ ಒಂದು ಕಾದಂಬರೀನೂ ಓದಿದ್ದಿಲ್ಲ. ಸುಳ್ಳು ಹೇಳಿದ್ದೆ."

ಇಪ್ಪತ್ತು ವರ್ಷ ಅವನು ಕಾಪಾಡಿಕೊಂಡು ಬಂದಿದ್ದ ಮಾನ ಆ ಅಂಗಳದಲ್ಲಿ ಬಿತ್ತು. ಯಾರೂ ಅದನ್ನು ತಿರುಗಿಯೂ ನೋಡಲಿಲ್ಲ. ಎಲ್ಲರ ಕಣ್ಣು ಬಾಗಿಲ ಕಡೆ ಹೋಗಿತ್ತು. ಬಾಲಮ್ಮ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು.

"ಮಾಸ್ತರನ್ನ ಬಿಡಪ್ಪಾ. ನಾ ಅದನ್ನ ಪೂರಾ ಓದೀನಿ. ಎರಡು ಸಲ."

ಅನ್ನಮ್ಮ ಓಡಿಹೋಗಿ ಮೊಮ್ಮಗಳ ಎದೆಗೆ ಕೈ ಇಟ್ಟಳು.

"ನಡದದ, ಅಜ್ಜೀ. ಗುಂಡಿಗಿ ನಡದದ," ಎಂದಳು ಹುಡುಗಿ. ಮೆಲ್ಲಗೆ ಹೊಸ್ತಿಲ ಮೇಲೆ ಕುಳಿತಳು. ಉಸಿರು ಸರಿಹೋಗುವವರೆಗೆ ಎಲ್ಲರೂ ಕಾದರು.

"ಆ ತೆಳ್ಳನ್ನ ಪುಸ್ತಕ ಓದಿದ್ರ ನನಗ ಅಂಜಿಕಿ ಬರ್ತಿತ್ತು. ಮಂದಿ ಇರ್ತಾರ, ಆಮ್ಯಾಲ ಇರಂಗಿಲ್ಲ. ಯಾರೂ ಕೇಳಂಗಿಲ್ಲ, ಎಲ್ಲಾರೂ ಉಣ್ತಾರ, ನಗ್ತಾರ. ನಾನೂ ಹಿಂಗೇ ಹೋಗ್ತೀನೇನೋ ಅಂತಿದ್ದೆ. ಈ ಕೆಂಪು ಪುಸ್ತಕದಾಗ ಎಲ್ಲಾರೂ ಅಳ್ತಾರ. ಎತ್ತಿಗೂ ಅತ್ತಾರ. ಅಜ್ಜಗ ಇಡೀ ಊರು ಬಂದಿತ್ತು." ಅಪ್ಪನ ಕಡೆ ತಿರುಗಿ ಹೇಳಿದಳು, "ಮದ್ರಾಸಿಗೆ ಸಮುದ್ರ ನೋಡಾಕಲ್ಲ, ನನಗ ಗೊತ್ತದ. ನಾ ಬರ್ತೀನಿ, ಅಳಂಗಿಲ್ಲ. ಆದ್ರ ಒಂದು ಹೇಳಪ್ಪಾ. ನಮ್ಮವ್ವ ಹೆಂಗ ಸತ್ಲು?"

ವಿರೂಪಣ್ಣ ಮಾಸ್ತರನ ಅಂಗಿ ಬಿಟ್ಟ. ಮಗಳ ಕಾಲ ಬಳಿ ನೆಲದ ಮೇಲೆ ಕುಳಿತ.

"ಅಮಾಸಿ ದಿನ," ಎಂದ. "ಮುಂಜಾನಿ ರೊಟ್ಟಿ ಬಡದಾಳ, ನನಗ ಬುತ್ತಿ ಕಟ್ಟಿಕೊಟ್ಟಾಳ. ಹೊಟ್ಟಿ ನೂಸಾಕತ್ತದ ಅಂದ್ಲು. ನಾ ಭತ್ತದ ಗಾಡಿ ಬರ್ತಾವ ಅಂತ ಗಿರಣಿಗೆ ಹೋದೆ." ಹೇಳುತ್ತ ಹೋದ. ಸೂಲಗಿತ್ತಿ ಬಂದದ್ದು, ರಾಯಚೂರಿಗೆ ಒಯ್ಯಲು ಲಾರಿ ತಂದದ್ದು, ಗಿಲ್ಲೆಸುಗೂರಿನ ಹುಡುಗನೊಬ್ಬ ಅಂದು ಲಾರಿ ಹ್ಯಾಗೆ ಹೊಡೆದನೆಂಬುದು, ಅವಳು ಲಾರಿಯಲ್ಲಿ ಮಗಳಿಗೆ ಹಾಲು ಕುಡಿಸಿದಿರಾ ಎಂದು ಕೇಳಿದ್ದು. ಅದೇ ಅವಳ ಕೊನೆಯ ಮಾತು. ಹೇಳಿ ಮುಗಿಸಿ ವಿರೂಪಣ್ಣ ಆಕಾಶ ಹರಿಯುವಂತೆ ಅತ್ತ. ಅನ್ನಮ್ಮ ಸೊಸೆಯ ಹೆಸರು ಕೂಗಿ ನೆಲಕ್ಕೆ ಹಣೆ ಬಡಿದಳು. ಮಾಸ್ತರನೂ ಅತ್ತ; ಅವನಿಗೆ ಈ ಒಂದೂವರೆ ತಿಂಗಳಲ್ಲಿ ರೂಢಿಯಾಗಿತ್ತು.

ಹೊರಗಿದ್ದವರಿಗೆ ಅಳು ಕೇಳಿತೇ ಹೊರತು ಮಾತು ಕೇಳಿರಲಿಲ್ಲ. ಮಾಟ ಫಲಿಸಿತು, ಹುಡುಗಿ ಹೋದಳು ಎಂದುಕೊಂಡು, ಅಂಜಿಕೆ ಮರೆತು ಎಲ್ಲರೂ ಒಳನುಗ್ಗಿದರು. ಗೋಪಮ್ಮ ಮುಂದಿದ್ದಳು. ಹೊಸ್ತಿಲ ಮೇಲೆ ಬಾಲಮ್ಮ ಕುಳಿತಿರುವುದನ್ನು ಕಂಡು ಗಕ್ಕನೆ ನಿಂತಳು.

"ಮತ್ತ… ಯಾರು ಸತ್ತಾರ್ರಿ?"

"ಶರಣಮ್ಮ," ಎಂದ ವಿರೂಪಣ್ಣ.

"ಯಾವ ಶರಣಮ್ಮ?"

"ನನ್ನ ಹೇಣ್ತಿ."

ಗೋಪಮ್ಮ ಸುತ್ತ ನೋಡಿದಳು. "ಹನ್ನೊಂದು ವರ್ಷಾತಲ್ರೀ," ಎಂದಳು. ಆಮೇಲೆ ಅವಳ ಮುಖ ಬದಲಾಯಿತು. "ಅವತ್ತ ಅಳಾಕ ಬಂದಿದ್ದೆ. ಕೂಸಿಗೆ ಕೇಳ್ತದ, ಬಾಯಿ ಮುಚ್ಚು ಅಂತ ಬಾಗಲಿಂದ ಹೊಳ್ಳಿ ಕಳಿಸಿದ್ರಿ."

"ಹೌದು."

"ಈಗ ಅಳಬಹುದೇನು?"

"ಅಳವ್ವ," ಎಂದ ವಿರೂಪಣ್ಣ.

ಗೋಪಮ್ಮ ಸೆರಗು ಹಾಸಿ ಕುಳಿತಳು. ಹನ್ನೊಂದು ವರ್ಷ ಒಳಗಿಟ್ಟುಕೊಂಡದ್ದನ್ನು ಹಾಡಿ ಹಾಡಿ ಅತ್ತಳು. ಶರಣಮ್ಮ ಎಂಥ ರೊಟ್ಟಿ ಬಡಿಯುತ್ತಿದ್ದಳು, ಬಾವಿಕಟ್ಟೆಯ ಮೇಲೆ ಏನೆಂದು ನಗುತ್ತಿದ್ದಳು, ಯಾರ ಸೀರೆಯ ಅಂಚಿಗೆ ಆಸೆಪಟ್ಟಿದ್ದಳು. ಒಬ್ಬೊಬ್ಬರೇ ಹೆಂಗಸರು ಕೂಡಿಕೊಂಡರು. ಬಾಲಮ್ಮ ಗದ್ದಕ್ಕೆ ಕೈಕೊಟ್ಟು, ಒಂದು ಮಾತೂ ತಪ್ಪಿಹೋಗದಂತೆ, ಹೊಸ ಪುಸ್ತಕ ಓದುವವಳ ಹಾಗೆ ಕೇಳಿದಳು.

ಜನ ಎದ್ದು ಹೋಗುವಾಗ ಅಪ್ಪನಿಗೆ ಹೇಳಿದಳು: "ನಾ ಮದ್ರಾಸಿಂದ ಬರಲಿಲ್ಲಂದ್ರ, ಬಾಲಮ್ಮ ಎಲ್ಲಿ ಅಂತ ಯಾರರೆ ಕೇಳಿದ್ರ, ಊರಿಗೆ ಹೋಗ್ಯಾಳ ಅನಬ್ಯಾಡಪ್ಪಾ."

ದೀಪಾವಳಿಯಾದ ಐದನೆಯ ದಿನ ರಾಯಚೂರಿನಿಂದ ಮದ್ರಾಸಿನ ಗಾಡಿ ಹತ್ತಿದರು. ಮಲ್ಲಯ್ಯ ನಿಲ್ದಾಣದವರೆಗೆ ಹೋಗಿ ಬಂದ. ಆಪರೇಷನ್ ಆದ ಒಂಬತ್ತನೆಯ ದಿನ ಬಾಲಮ್ಮ ಸತ್ತಳು. ಶಿವನ ಲೆಕ್ಕ ನಮಗೆ ಓದಲು ಬರುವುದಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಭತ್ತದ ಗಾಡಿಗಳು ಗಿರಣಿಗೆ ಬರತೊಡಗಿದವು. ಒಂದು ಮುಂಜಾನೆ ಮಾಸ್ತರ ಕಟ್ಟೆಯ ಮೇಲೆ ಕುಳಿತಿದ್ದಾಗ ಹಿರೇಕೊಟ್ನೆಕಲ್ಲಿನ ರೈತನೊಬ್ಬ ಎರಡು ಗಾಡಿ ತಂದು ಬಿಟ್ಟ. ವರ್ಷಕ್ಕೊಮ್ಮೆ ಬರುವವನು, ಏನೂ ಗೊತ್ತಿಲ್ಲದವನು. ಮುಖ ತೊಳೆದುಕೊಳ್ಳುತ್ತ ಕೇಳಿದ:

"ಸಾಹುಕಾರ್ರ, ನಿಮ್ಮ ಹುಡುಗಿ ಎಲ್ಲಿ? ಹೋದ ವರ್ಷ ನನ್ನ ಗಾಡಿ ಮ್ಯಾಲ ಕುಂತು ಪುಸ್ತಕ ಓದಾಕತ್ತಿತ್ತು. ಈಗೇನು ಓದ್ತದ?"

ಚೀಲ ಹೊತ್ತಿದ್ದ ಹಮಾಲರು ಹೊತ್ತಂತೆಯೇ ನಿಂತರು. ಗುಮಾಸ್ತ ರೈತನಿಗೆ ಕಣ್ಣಿನಲ್ಲೇ ಬೇಡ ಬೇಡ ಎಂದ. ಮಲ್ಲಯ್ಯನ ನಾಲಗೆ ಹಳೆಯ ರೂಢಿಯಂತೆ ಯಾವುದೋ ಮಾತಿಗೆ ಎದ್ದಿತು. ಅದನ್ನು ಹಲ್ಲಿನಿಂದ ಹಿಡಿದ.

ವಿರೂಪಣ್ಣ ಎದ್ದುಹೋಗಿ ಗಿರಣಿಯನ್ನೇ ನಿಲ್ಲಿಸಿದ. ಪಟ್ಟೆ ನಿಂತು, ಹೊಟ್ಟಿನ ಧೂಳು ನೆಲಕ್ಕಿಳಿಯಿತು. ಚಾಪೆ ತಂದು ಹಾಸಿದ.

"ಕುಂದರಪ್ಪಾ," ಎಂದ ರೈತನಿಗೆ. "ನನ್ನ ಮಗಳು ಬಾಲಮ್ಮ ಸತ್ಲು. ಹೆಂಗ ಅಂತ ಹೇಳ್ತೀನಿ, ಕೇಳು."

ಎರಡು ಗಾಡಿ ಭತ್ತ ಮಧ್ಯಾಹ್ನದವರೆಗೆ ಬಿಸಿಲಲ್ಲೇ ನಿಂತಿತ್ತು.